ದಾಸವಾಳದ ಮೇಲೆ ಹಿಮ

ತಾಯಂದಿರೇ, ಮಹನೀಯರೇ, ಮೋಕ್ಷದ ವಿಚಾರ ಸ್ವಲ್ಪ ಕಾಯಲಿ. ಅದಕ್ಕಿಂತ ಗುರುತರವಾದ ಪ್ರಶ್ನೆಯೊಂದು ಮನುಕುಲದ ಮುಂದಿದೆ: ದಾಸವಾಳದ ಫೋಟೊವನ್ನು ಎಷ್ಟು ಹತ್ತಿರದಿಂದ ತೆಗೆಯಬೇಕು?

ನಗಬೇಡಿ. ಈ ಪ್ರಶ್ನೆಗೆ ಬಾಳನ್ನೇ ಮುಡಿಪಿಟ್ಟ ಶ್ರೀಮಂತನೊಬ್ಬ ಒಂದು ಊರಿನಲ್ಲಿದ್ದ. ಹೆಸರು ಬೇಡ, ನಿಮ್ಮ ಪಕ್ಕದಲ್ಲೇ ಕೂತಿರಬಹುದು. ವ್ಯಾಪಾರವನ್ನು ಮಕ್ಕಳಿಗೆ ಒಪ್ಪಿಸಿದ, ಹೊಸ ಫೋನು ಕೊಂಡ, ಅದಕ್ಕೆ ಬಟ್ಟೆ ಕ್ಲಿಪ್ಪಿನ ಹಾಗೆ ಕಚ್ಚಿಕೊಳ್ಳುವ ಪುಟ್ಟ ಲೆನ್ಸು ಸಿಕ್ಕಿಸಿದ. ಅಂದಿನಿಂದ ಅವನಿಗೆ ಗೇಣಿಗಿಂತ ದೂರದ ಪ್ರಪಂಚ ಕಾಣದಾಯಿತು. ಬೆಳಗಾದರೆ ಪಂಚೆ ಎತ್ತಿಕಟ್ಟಿ ಹಿತ್ತಿಲಲ್ಲಿ ಬೋರಲು ಮಲಗಿರುತ್ತಿದ್ದ. ಇಬ್ಬನಿ ಬೀಳದ ದಿನ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ತಾನೇ ಇಬ್ಬನಿ ಸುರಿಸುತ್ತಿದ್ದ. ನೋಡಿ, ಪ್ರಕೃತಿ ತಪ್ಪಿದರೂ ಭಕ್ತ ತಪ್ಪಬಾರದಲ್ಲ!

ಆ ಹಿತ್ತಿಲಲ್ಲಿ ಒಂದು ಕೆಂಪು ದಾಸವಾಳದ ಗಿಡ. ಹೆಂಡತಿಯ ಮೊದಲ ಬಾಣಂತನ ಮಾಡಲು ಬಂದಿದ್ದ ಅವಳ ತಾಯಿ, ತವರಿನಿಂದ ಕಡ್ಡಿ ತಂದು ನೆಟ್ಟದ್ದು. ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಗಿಡ ಮಾತ್ರ ದಿನಾ ಬುಟ್ಟಿ ತುಂಬ ಹೂ ಕೊಡುತ್ತಿತ್ತು. ಆ ಹೂವಿಲ್ಲದೆ ಆ ಮನೆಯಲ್ಲಿ ಪೂಜೆ ಆದದ್ದೇ ಇಲ್ಲ.

ಒಂದು ಬೆಳಿಗ್ಗೆ ಹೆಂಡತಿ ಬುಟ್ಟಿ ಹಿಡಿದು ಬಂದಳು.

“ರೀ, ಹೂ ಮೂಸಿದ್ರಾ?”

“ಇಲ್ಲ ಕಣೇ, ಫೋಕಸ್ ಮಾಡ್ತಿದ್ದೆ.”

“ಮೂಗು ಎಲ್ಲಿತ್ತು?”

“ಮುಖದ ಮೇಲೇ ಇತ್ತು.”

“ಮೂಸಿದ ಹೂನ ದೇವ್ರಿಗೆ ಏರಿಸಕ್ಕಾಗತ್ತಾ? ಅರಳಿರೋದೇ ಮೂರು. ಕಡ್ಡಿ ಮೇಲೆ ಅದೇನೋ ಬೆಳ್ಳಗೆ ಅಂಟಿದೆ, ಒರೆಸಿಬಿಡ್ತೀನಿ ಇರಿ.”

“ಮುಟ್ಟಬೇಡ!”

ಅವನಿಗೆ ಬೇಕಾಗಿದ್ದದ್ದೇ ಆ ಬಿಳುಪು. ಲೆನ್ಸಿನಲ್ಲಿ ಅದೆಂಥ ಚೆಲುವು! ರೇಷ್ಮೆಯಂಥ ಎಳೆಗಳು, ನಡುವೆ ಮುತ್ತು. ‘ನಮ್ಮ ಹಿತ್ತಿಲ ಹಿಮಾಲಯ’ ಎಂದು ಬರೆದು ವಾಕಿಂಗ್ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದ. ಎಂಬತ್ತು ಜನ ಕೈಮುಗಿಯುವ ಗುರುತು ಒತ್ತಿದರು. ನಿವೃತ್ತ ಮೇಷ್ಟರೊಬ್ಬರು ‘ಸಾಕ್ಷಾತ್ ಕೈಲಾಸ’ ಎಂದರು. ತಿಂಗಳ ಕೊನೆಗೆ ಗುಂಪಿನ ಸ್ಪರ್ಧೆ. ಅಲ್ಲಿಯವರೆಗೆ ಗಿಡದ ಹತ್ತಿರ ಯಾರೂ ಸುಳಿಯಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆಯಾಯಿತು. ಬೇವಿನೆಣ್ಣೆ ಹೊಡೆಯುತ್ತೇನೆ ಎಂದ ಹೆಂಡತಿಗೆ, “ಬೆಳಕು ಸರಿಬರ್ಲಿ ತಡಿಯೇ” ಎಂದ. ಬೆಳಕು ಸರಿಬರಲು ಮೂರು ವಾರ ಹಿಡಿಯಿತು.

ಹಿಮಾಲಯಕ್ಕೆ ಮೊದಲ ಬಹುಮಾನ ಬಂತು. ಅದೇ ದಿನ, ಹೆಂಡತಿ ಹೇಳಿ ಕಳಿಸಿದ್ದ ಮಾಲಿಯೂ ಬಂದ.

“ಯಜಮಾನ್ರೆ, ಇದು ಹಿಟ್ಟು ತಿಗಣೆ. ರಸ ಹೀರೋ ಹುಳ. ಮೊದಲೇ ಸೋಪಿನ ನೀರಲ್ಲಿ ತೊಳ್ದಿದ್ರೆ ಹೋಗ್ತಿತ್ತು. ನಿಮ್ಗೆ ಕಾಣ್ಲೇ ಇಲ್ವಾ?”

ಕಾಣಲಿಲ್ಲವೇ? ಇನ್ನೂರ ಹದಿನಾಲ್ಕು ಫೋಟೊ ತೆಗೆದಿದ್ದ ಮಹಾನುಭಾವ! ಬಹುಮಾನದ ಚಿತ್ರವನ್ನೇ ಬೆರಳಿನಿಂದ ಹಿಗ್ಗಿಸಿ ನೋಡಿದ. ಮುತ್ತಿಗೆ ಕಾಲುಗಳಿದ್ದವು. ತಲೆಯೆತ್ತಿದ. ಗಿಡದಲ್ಲಿ ಒಂದೇ ಒಂದು ಹಸಿರೆಲೆ ಇರಲಿಲ್ಲ.

ಮಾಲಿ ಬುಡ ಅಗೆಯತೊಡಗಿದ. ಹೆಂಡತಿ ಅಳಲಿಲ್ಲ.

“ಬೇರಿಂದೂ ಒಂದು ಫೋಟೊ ತೆಗೆದುಬಿಡಿ. ಅದ್ಯಾಕೆ ಬಿಡ್ತೀರಿ?” ಎಂದು ಒಳಗೆ ಹೋದಳು.

ಈಗ ನಗು ಯಾಕೆ ನಿಂತಿತು? ಮೂರನೇ ಸಾಲಿನ ಯಜಮಾನರೇ, ಫೋನು ಕೆಳಗಿಡಿ. ನನ್ನ ಹಣೆಯ ವಿಭೂತಿಯನ್ನು ಆಮೇಲೆ ಹತ್ತಿರದಿಂದ ತೆಗೆಯುವಿರಂತೆ. ಫೋಟೊ ಬೇಡವೆನ್ನುತ್ತಿಲ್ಲ. ತೆಗೆಯಿರಿ, ಇರುವೆಯ ಮೀಸೆಯನ್ನೂ ತೆಗೆಯಿರಿ. ತೆಗೆದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಇಡೀ ಗಿಡ ನೋಡಿ. ಎಲೆ ಹಳದಿಯಾಗಿದೆಯೇ? ಹೂ ಕಮ್ಮಿಯಾಗಿದೆಯೇ? ದಿನಾ ಅದಕ್ಕೆ ನೀರು ಹಾಕುವವರು ಏನಾದರೂ ಹೇಳಿದರೆ, ಬೆಳಕಿಗೆ ಕಾಯದೆ ಅಂದೇ ಕೇಳಿ. ಚಂದ ಕಂಡದ್ದೆಲ್ಲ ಚೆನ್ನಾಗಿದೆ ಎಂದುಕೊಳ್ಳಬೇಡಿ. ಗಿಡದ ವಿಷಯದಲ್ಲೂ, ಅದಕ್ಕೆ ನೀರೆರೆಯುವವರ ವಿಷಯದಲ್ಲೂ.

ಆ ಮನೆಯ ಪೂಜೆಗೆ ಈಗ ಹೂವು ಅಂಗಡಿಯಿಂದ ಬರುತ್ತದೆ.