ಆಮೆನ್ ಅನ್ನುವ ಪಾಳಿ

ಹಾನಗಲ್ಲಿನ ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಅಕ್ಕಿಆಲೂರಿನ ಅಜ್ಜ, ಅಜ್ಜಿ ಕುಳಿತಿದ್ದರು. ಪೊರೆಯ ಆಪರೇಷನ್ನಿಗೆಂದು ಅಜ್ಜನ ಎಡಹುಬ್ಬಿನ ಮೇಲೆ ಆಗಲೇ ಪಟ್ಟಿ ಅಂಟಿಸಿದ್ದರು. ಅಜ್ಜಿ ಮೆಲ್ಲಗೆ ಕೇಳಿದಳು.

“ಪ್ರಾರ್ಥನಿ ಮಾಡಿದ್ರೇನು?”

“ಇಲ್ಲ.”

“ದಿನಾ ಊಟಕ್ಕ ಕುಂತ್ರ ರೊಟ್ಟಿ ತಣ್ಣಗಾಗೂ ತನಕ ಮಾಡ್ತೀರಿ. ನಿನ್ನೆ ಪ್ರಾರ್ಥನಿಯೊಳಗ ಬಾಜೂಮನಿ ಹುಚ್ಚವ್ವನ ಎಮ್ಮೀನೂ ಬಿಡಲಿಲ್ಲ.”

“ಅದು ಗಬ್ಬ ಐತಿ, ಪಾಪ.”

“ಮತ್ತ ಇವತ್ತೇನಾತು?”

“ಮಂದಿ ಸಲುವಾಗಿ ಬೇಡಾಕ ಬಾಯಿ ಬರ್ತೈತಿ, ಮಾರ್ತಾ. ನನ್ನ ಸಲುವಾಗಿ ನಾನ ಬೇಡಾಕ ನಾಚಿಕಿ.”

“ಅಂಜಿಕಿ ಅನ್ರಿ.”

“ಅದೂ ಐತಿ.”

“ಹಂಗಾರ ನಾ ಬೇಡ್ತೇನಿ. ನೀವು ಆಮೆನ್ ಅನ್ರಿ.”

“ನೀ ಎಂದಾರ ಬಾಯಿಬಿಟ್ಟು ಪ್ರಾರ್ಥನಿ ಮಾಡೀಯೇನು?”

“ನೀವು ಎಂದಾರ ಪಾಳಿ ಬಿಟ್ಟುಕೊಟ್ಟೀರೇನು?”

ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದಳು.

“ತಂದೀ, ಇವರು ದಿನಾ ಊರ ಮಂದೀನೆಲ್ಲಾ ನಿನ್ನ ಮುಂದ ತರ್ತಾರ. ಇವತ್ತ ಇವರನ್ನ ನಾ ತಂದೇನಿ. ನೋಡ್ಕೋ.”

ಅಜ್ಜ ಅವಳತ್ತ ತಿರುಗಿದರು.

“ಇಷ್ಟನಾ?”

“ಅವಗ ತಿಳೀತೈತಿ.”

“ಯೇಸುವಿನ ಹೆಸರಿನ್ಯಾಗ ಅಂತ ಅನ್ನಲಿಲ್ಲ ನೀ.”

“ಅದನ್ನ ನಿಮಗ ಬಿಟ್ಟೇನಿ.”

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದಳು. “ದಾನಿಯೇಲಪ್ಪ ಯಾರ್ರಿ? ಒಳಗ ಬರ್ರಿ.”

ಅಜ್ಜಿ ಕೈಹಿಡಿದು ಬಾಗಿಲ ತನಕ ಬಿಟ್ಟಳು. ಅಜ್ಜ ಹೊಸ್ತಿಲಲ್ಲಿ ನಿಂತು ಹಿಂದಿರುಗಿ, ಕುಳಿತವರಿಗೆಲ್ಲ ಕೇಳುವಂತೆ ಅಂದರು:

“ಹುಚ್ಚವ್ವನ ಎಮ್ಮೀನ್ನ ನೀ ಬಿಟ್ಟಿ ನೋಡು. ಯೇಸುವಿನ ಹೆಸರಿನ್ಯಾಗ, ಆಮೆನ್.”