ನಾಲ್ಕೇ ಪದ
ಬರ್ಮಿಂಗ್‌ಹ್ಯಾಮಿನ ನರರೋಗದ ಡಾಕ್ಟರ ಬಾಗಿಲಲ್ಲಿ ಕಾಯುತ್ತಿದ್ದ ಓಪಲ್ ಅಜ್ಜಿಗೆ ಪಕ್ಕದವನ ಗುರುತು ಸಿಕ್ಕಿಬಿಟ್ಟಿತು. ಭಾನುವಾರ ಟಿವಿಯಲ್ಲಿ ಬರುವ ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಚೆಂಡು ಅವುಚಿಕೊಂಡು ನುಗ್ಗುವ ರನ್ನಿಂಗ್ ಬ್ಯಾಕ್ ಕಾರ್ನೆಲ್. ಜೊತೆಗೆ ಅವನ ಅಕ್ಕ.

“ಅದೇನು ಪರೀಕ್ಷೆನೋ?” ಅಕ್ಕ ಅವನನ್ನು ಕೇಳಿದಳು.

“ಸೀಸನ್‌ಗೆ ಮುಂಚೆ ತಂಡದ ಡಾಕ್ಟ್ರು ಹತ್ತು ಪದ ಓದ್ತಾರೆ. ಆಮೇಲೆ ನಾವು ನೆನಪಿಟ್ಕೊಂಡು ಹೇಳ್ಬೇಕು. ಎಲ್ರೂ ಬೇಕಂತ್ಲೇ ತಪ್ಪು ಹೇಳ್ತೀವಿ.”

“ಅಯ್ಯೋ, ಯಾಕೆ?”

“ತಲೆಗೆ ಏಟು ಬಿದ್ದಾಗ ಮತ್ತೆ ಕೇಳ್ತಾರಕ್ಕ. ಮೊದಲಿಗಿಂತ ಕಮ್ಮಿ ಬಂದ್ರೆ ಹೊರಗೆ ಕೂರಿಸ್ತಾರೆ. ಮೊದಲೇ ಕಮ್ಮಿ ಇದ್ರೆ ಯಾರಿಗೂ ಗೊತ್ತಾಗಲ್ಲ. ಹೋದ ವರ್ಷ ನಾಲ್ಕೇ ಹೇಳಿದ್ದೆ.”

“ಭಾರಿ ಬುದ್ಧಿವಂತ ನೀನು! ಈ ವರ್ಷ?”

“ನಾಲ್ಕು.”

“ಅಷ್ಟೇ ತಾನೆ? ಅದಕ್ಕೆ ನನ್ನನ್ಯಾಕೆ ಇಲ್ಲಿಗೆ ಎಳ್ಕೊಂಡು ಬಂದೆ?”

ಅವನು ತನ್ನ ಅಂಗೈ ನೋಡಿಕೊಂಡ.

“ಈ ಸಲ ನಾಟಕ ಆಡ್ಲಿಲ್ಲ ಕಣಕ್ಕ. ಹತ್ತೂ ಹೇಳೋಣ ಅಂತಲೇ ಕೂತಿದ್ದೆ.”



ನರ್ಸ್ ಬಂದು ಅವನ ಹೆಸರು ಕರೆದಳು. ಹನ್ನೊಂದು ಜನ ಅಡ್ಡ ನಿಂತರೂ ನುಗ್ಗುವ ಆ ಆಳು, ಅಕ್ಕ ಮೊಣಕೈ ಹಿಡಿದು ಎಬ್ಬಿಸುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.