ಹದಿನಾಲ್ಕು ಅಡಿ ವೈರು

ಇದು ಕಟ್ಟುಕತೆಯಲ್ಲ. ನಮ್ಮ ಪಕ್ಕದ ಮನೆಯ ವೈರ್‌ಮನ್‌ಗೆ ಆದದ್ದು. ಟೇಪು ಮುಟ್ಟದೆ ಎಲ್ಲವನ್ನೂ ಗೇಣು ಹಾಕಿಯೇ ಅಳೆಯುತ್ತಿದ್ದ, ಅದಕ್ಕೇ ಬೀದಿಯವರ ಬಾಯಲ್ಲಿ ಅವನು ಗೇಣಣ್ಣ. ನಂಬದವರು ಈಗಲೇ ಎದ್ದು ಹೋಗಿ ಮಲಗಿ.

ರಾತ್ರಿ ಹನ್ನೊಂದು ದಾಟಿತ್ತು. ಹೆಂಡತಿಯನ್ನು ಲಾಂಡ್ರಿಯ ರಾತ್ರಿ ಪಾಳಿಗೆ ಬಿಟ್ಟು ಒಬ್ಬನೇ ನಡೆದು ಬರುತ್ತಿದ್ದ. ಅದೇ ಲಾಂಡ್ರಿಯಲ್ಲಿ, ಬಟ್ಟೆ ಒಣಗಿಸುವ ಹೊಸ ಮಷಿನ್‌ಗೆ ಆ ಸಂಜೆಯಷ್ಟೇ ಕರೆಂಟ್ ಕೊಟ್ಟಿದ್ದ. ದಪ್ಪ ಮೇನ್ ವೈರಿನ ನಡುವಿಂದ ಸಣ್ಣ ವೈರೊಂದನ್ನು ಕವಲು ತೆಗೆದು, ಮಷಿನ್ ಪಕ್ಕದ ಸ್ವಿಚ್ಚಿಗೆ ಇಳಿಸಿದ್ದ. ಸಲೀಸಾಗಿ ಮುಗಿಯಿತೆಂದು ಸಿಳ್ಳೆ ಹಾಕಿಕೊಂಡೇ ಬರುತ್ತಿದ್ದ.

ಹಾಳು ಬಾವಿಯ ಹತ್ತಿರ ಬಂದಾಗ... ಸರ್ರ್ರ್... ಟಕ್.

ಉಕ್ಕಿನ ಟೇಪು ಎಳೆದು ಬಿಟ್ಟರೆ ಬರುತ್ತದಲ್ಲ, ಆ ಸದ್ದು. ಬಾವಿಯ ಒಳಗಿಂದ.

ಸಿಳ್ಳೆ ನಿಂತಿತು. ಮತ್ತೆ... ಸರ್ರ್ರ್... ಟಕ್. ಆಮೇಲೆ ಪಿಸುದನಿ.

"ಕವಲು ಎಷ್ಟಡಿನೋ?"

ಕೆಲಸ ಕಲಿಸಿದ ಮೇಸ್ತ್ರಿಯ ದನಿ. ಮೇಸ್ತ್ರಿ ಸತ್ತು ಎರಡು ವರ್ಷ. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಇವನೂ ಒಬ್ಬ.

"ಎಂಟು, ಮೇಸ್ತ್ರಿ..."

"ಗೋಡೆ ಅಳೆದ್ಯೋ... ವೈರ್ ಅಳೆದ್ಯೋ?"

ಗೋಡೆಗೆ ಗೇಣು ಹಾಕಿದ್ದ. ಆದರೆ ವೈರು ನೇರ ಹೋಗಿರಲಿಲ್ಲ. ಮೇಲೆ ಹತ್ತಿ, ತೊಲೆ ಬಳಸಿ, ಕೆಳಗಿಳಿದಿತ್ತು. ಕೂಡಿದರೆ ಹದಿನಾಲ್ಕು! ಸಣ್ಣ ಕವಲು ಹತ್ತಡಿ ದಾಟಬಾರದು, ದಾಟಿದರೆ ಮೇನಿನ ಮೂರನೇ ಒಂದು ಪಾಲು ಕರೆಂಟನ್ನಾದರೂ ತಾಳುವ ದಪ್ಪ ಇರಬೇಕು ಎಂದು ಮೇಸ್ತ್ರಿ ಬಾಯಿಪಾಠ ಮಾಡಿಸಿದ್ದರು. ಇಲ್ಲದಿದ್ದರೆ ದಾರಿಯಲ್ಲಿ ಶಾರ್ಟ್ ಆದಾಗ ಮೇನ್ ಫ್ಯೂಸ್ ಹಾರುವ ಮೊದಲೇ ವೈರು ಹೊತ್ತಿಕೊಳ್ಳುತ್ತದೆ. ಪೈಪಿನೊಳಗೆ ತೂರಿಸುವಾಗ ತಿರುವಿನಲ್ಲಿ ವೈರು ಸಿಕ್ಕಿಕೊಂಡಿದ್ದೂ ನೆನಪಾಯಿತು. ಜಗ್ಗಿ ಎಳೆದಿದ್ದ. ಸಿಪ್ಪೆ ಸುಲಿಯಿತೋ ಏನೋ, ನೋಡಿರಲಿಲ್ಲ.

ಎದ್ದೆನೋ ಬಿದ್ದೆನೋ ಎಂದು ವಾಪಸ್ ಓಡಿದ.

ಶಟರ್‌ಗೆ ಒಳಗಿಂದ ಬೀಗ. ಮೇನ್ ಸ್ವಿಚ್ಚೂ ಒಳಗೇ. ಧಡ್ ಧಡ್ ಎಂದು ಬಡಿದ. ಮಷಿನ್‌ಗಳ ಗುಂಯ್ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಕೆಲಸದ ಹೊತ್ತಿನಲ್ಲಿ ಹೆಂಡತಿ ಫೋನ್ ಮುಟ್ಟುವಂತಿಲ್ಲ. ಕಿಟಕಿಗೆ ಕಲ್ಲಿನಿಂದ ಹೊಡೆದ. ತಂತಿಬಲೆ ಹಾಕಿದ ಗಾಜು, ಬಿರುಕು ಬಿಟ್ಟಿತೇ ಹೊರತು ಒಡೆಯಲಿಲ್ಲ.

ಬಿರುಕಿನ ಆಚೆ ಹೆಂಡತಿ ಬೆನ್ನು ಹಾಕಿ ನಿಂತು ಬೆಡ್‌ಶೀಟ್ ಮಡಚುತ್ತಿದ್ದಳು. ಅವಳ ನೆತ್ತಿಯ ಮೇಲೆ, ಪೈಪಿನ ತಿರುವಿನಲ್ಲಿ... ನೀಲಿ ಕಿಡಿ. ಆರಿತು. ಮತ್ತೆ ಹೊತ್ತಿತು.

"ಲೇ! ಹೊರಗೆ ಬಾರೇ!" ಗಂಟಲು ಹರಿಯುವಂತೆ ಕೂಗಿದ. ಅವಳು ಇನ್ನೊಂದು ಬೆಡ್‌ಶೀಟ್ ಎತ್ತಿಕೊಂಡಳು.

ಕಿವಿಯ ಪಕ್ಕದಲ್ಲೇ... ಸರ್ರ್ರ್...

"ಎಷ್ಟಡಿ?"

"ಹದಿನಾಲ್ಕು! ತಪ್ಪಾಯ್ತು ಮೇಸ್ತ್ರಿ... ಅವಳು ಒಳಗಿದ್ದಾಳೆ, ಏನಾದ್ರೂ ಮಾಡಿ..."

ಟಕ್ ಎಂಬ ಸದ್ದು ಬರಲಿಲ್ಲ. ಶಟರ್ ಮುಂದೆ ಕುಸಿದು ಕೂತು ಮಗುವಿನ ಹಾಗೆ ಅತ್ತ. ತಾನೇ ಕೊಟ್ಟ ಕರೆಂಟನ್ನು ತಾನೇ ನಿಲ್ಲಿಸಲಾರದೆ ಹೋದ.

ಎಷ್ಟು ಹೊತ್ತಾಯಿತೋ. ಶಟರ್ ಕಿರ್ರ್ ಎಂದು ಮೇಲೆದ್ದಿತು.

"ಇಲ್ಲೇನ್ರೀ ಮಾಡ್ತಿದೀರಾ?" ಹೆಂಡತಿ. "ನಿಮ್ಮ ಘನಕಾರ್ಯ ನೋಡಿ ಬನ್ನಿ. ಹೊಸ ಮಷಿನ್ ನಿಂತೇ ಹೋಯ್ತು."

ಅವಳ ಎರಡೂ ಕೈ ಹಿಡಿದುಕೊಂಡ.

ಬೆಳಿಗ್ಗೆ ಪೈಪ್ ಬಿಚ್ಚಿದರು. ಅಲ್ಲಿಯವರೆಗೆ ಒಂದು ಸ್ಕ್ರೂ ಕೂಡ ಸಡಿಲಾಗಿರಲಿಲ್ಲ. ಮೇನಿನಿಂದ ಸರಿಯಾಗಿ ಹತ್ತಡಿ ವೈರು ಹೊಸದರ ಹಾಗೇ ಇತ್ತು. ಅಲ್ಲಿಂದ ಸ್ವಿಚ್ಚಿನವರೆಗಿನ ನಾಲ್ಕಡಿ ಪೈಪು ಖಾಲಿ. ಬೂದಿ ಇಲ್ಲ, ತಾಮ್ರ ಇಲ್ಲ, ಏನೂ ಇಲ್ಲ.

ನಾನೇಕೆ ಸುಳ್ಳು ಹೇಳಲಿ? ಆ ಖಾಲಿ ಪೈಪನ್ನು ಅವನ ಹೆಂಡತಿ ಬಟ್ಟೆ ಒಣಹಾಕಲು ಹಿತ್ತಲಲ್ಲಿ ಕಟ್ಟಿಕೊಂಡಿದ್ದಾಳೆ. ಬೇಕಾದರೆ ಹೋಗಿ ನೋಡಿ.